ಹೊಸ ಕೃತಿಗೆ ಎರಡನೇ ಕಛೇರಿ ಸಿಗಬೇಕು

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಸುದ್ದಿ ಬರೆದಿದ್ದೆ. ಮೈಸೂರಿನಲ್ಲಿ ನನ್ನ ಐದು ಹೊಸ ಕನ್ನಡ ಕೃತಿಗಳನ್ನು ಒಂದೇ ಸಂಜೆ ಮೊದಲ ಸಲ ಹಾಡಿದೆವು ಅಂತ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಖುಷಿಪಟ್ಟಿದ್ದಾರೆ, ಒಬ್ಬಿಬ್ಬರು ಬೈದಿದ್ದಾರೆ, ಜಾಸ್ತಿ ಜನ ಪ್ರಶ್ನೆ ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು, ನಮ್ಮ ದಾಸರು ಕೊಟ್ಟಿರುವುದನ್ನೇ ನಾವು ಪೂರ್ತಿ ಕೇಳಿಲ್ಲ. ಅಷ್ಟೊಂದು ಇರುವಾಗ ಈಗಿನವರು ಹೊಸದಾಗಿ ಬರೆಯುವುದು ಯಾಕೆ? ಬೇಜಾರು ಮಾಡಿಕೊಳ್ಳಬೇಡಿ, ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದೇನೆ.
— ನಿವೃತ್ತ ಅಧ್ಯಾಪಕರು, ಕುವೆಂಪುನಗರ, ಮೈಸೂರು

ಉತ್ತರ: ಬೇಜಾರು ಖಂಡಿತ ಇಲ್ಲ ಸರ್. ಇದೇ ಪ್ರಶ್ನೆಯನ್ನು ನನ್ನ ಗುರುಗಳೂ ಕೇಳಿದ್ದರು.

ನೀವು ಇರುವ ಊರನ್ನೇ ನೋಡಿ. ಇಲ್ಲಿನ ಸಂಗೀತ ರಚನಕಾರರಾದ ವಾಸುದೇವಾಚಾರ್ಯರು ಹುಟ್ಟಿದ್ದು 1865ರಲ್ಲಿ. ತ್ಯಾಗರಾಜರು ತೀರಿಕೊಂಡು ಆಗ 18 ವರ್ಷ ಆಗಿತ್ತು. ಆಚಾರ್ಯರು ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರ ಕಲಿತು ಬಂದರು. ಆ ಗುರುಗಳು ಹಳೆಯದನ್ನು ಕಾಪಾಡಿದವರು ಮಾತ್ರ ಅಲ್ಲ, ಕದನಕುತೂಹಲ ಅನ್ನುವ ರಾಗವನ್ನೇ ಕೊಟ್ಟವರು. ಶಿಷ್ಯರೂ ಹಾಗೇ ಬರೆಯುತ್ತಾ ಹೋದರು. ಖಮಾಚ್ ರಾಗದ 'ಬ್ರೋಚೇವಾರೆವರುರಾ' ಅವರದ್ದು. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳ ತಂದೆತಾಯಿಯರಲ್ಲೇ ಎಷ್ಟೋ ಜನ ಅದನ್ನು ತ್ಯಾಗರಾಜರ ಕೃತಿ ಅಂದುಕೊಂಡಿದ್ದಾರೆ, ಅಷ್ಟು ಹಳೆಯದು ಅನ್ನಿಸುವಷ್ಟು ನಮ್ಮ ಕಿವಿಯಲ್ಲಿ ನೆಲೆಯಾಗಿಬಿಟ್ಟಿದೆ. ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಇಲ್ಲಿಗೆ ಬಂದು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದರು. ಜಯಚಾಮರಾಜ ಒಡೆಯರು ತಾವೇ 94 ಕೃತಿ ರಚಿಸಿದರು. ನಮ್ಮ ಅಜ್ಜ ಮುತ್ತಜ್ಜಂದಿರ ಮೈಸೂರಿನಲ್ಲಿ ಹೊಸ ಕೃತಿ ಕೇಳುವುದು ದೊಡ್ಡ ಸಂಗತಿಯೇ ಆಗಿರಲಿಲ್ಲ.

ಇದು ಊರಿನ ಮಾತಾಯಿತು. ನನ್ನ ಕಾರಣ ಬೇರೆ ಇದೆ. ಕೆಲವು ವರ್ಷದ ಹಿಂದೆ ನಮ್ಮ ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಮೂರು ರಾತ್ರಿ ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹಾಡುವವರಿಗೆ ಅಂಥ ಹೊತ್ತಿನಲ್ಲೂ ತಲೆಯೊಳಗೆ ಏನಾದರೂ ಓಡುತ್ತಲೇ ಇರುತ್ತದೆ. ಕಾಪಾಡು ಅಂತ ಬೇಡುವ ಕೃತಿಗಳು ನನಗೆ ಬೇಕಾದಷ್ಟು ಬರುತ್ತವೆ. ಆದರೆ ಅಲ್ಲಿ ನಾನು ಬೇಡುತ್ತಿರಲಿಲ್ಲ, ಕಾಯುತ್ತಿದ್ದೆ. ಬಾಗಿಲು ತೆರೆಯಲಿ ಅಂತ, ನರ್ಸ್ ಬಂದು ಏನಾದರೂ ಹೇಳಲಿ ಅಂತ, ಬೆಳಗಾಗಲಿ ಅಂತ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಅಲ್ವಾ? ಕಾಯುವುದು ಅಂದರೆ ಎದುರು ನೋಡುವುದೂ ಹೌದು, ಕಾಪಾಡುವುದೂ ಹೌದು. 'ಕಾಯುತಿರುವೆ ನಾ, ಕಾಯೋ ನೀ' ಅನ್ನುವ ಸಾಲು ಆ ಬೆಂಚಿನ ಮೇಲೇ ಬಂತು. ಸಹಾನ ರಾಗ, ಮಿಶ್ರಛಾಪು. ನನಗೆ ಗೊತ್ತಿದ್ದ ಯಾವ ಕೃತಿಯಲ್ಲೂ ಆ ಮಾತು ಇರಲಿಲ್ಲ ಸರ್, ಅದಕ್ಕೇ ಬರೆದೆ.

ಪ್ರಶ್ನೆ: ನಾನು ವಿದ್ವತ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಕಲ್ಯಾಣಿ ರಾಗದಲ್ಲಿ ಒಂದು ಕೃತಿ ಮಾಡಿದೆ. ನಮ್ಮ ಗುರುಗಳು ಕೇಳಿ "ಮಟ್ಟು ಚೆನ್ನಾಗಿದೆ, ಪದ ಕೂತಿಲ್ಲ" ಅಂದರು. ಪದ ಕೂರುವುದು ಅಂದರೆ ಏನು ಅಂತ ಕೇಳಲು ಧೈರ್ಯ ಬರಲಿಲ್ಲ.
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಮೊದಲು ಗುರುಗಳನ್ನೇ ಕೇಳಿಬಿಡಿ. ಕೇಳಿದರೆ ಅವರಿಗೆ ಖುಷಿಯೇ ಆಗುತ್ತದೆ. ನನಗೆ ತಿಳಿದಷ್ಟು ನಾನೂ ಹೇಳುತ್ತೇನೆ.

ಕನ್ನಡದಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. 'ಹರಿ ಬಂದ' ಅಂತ ಬರೆದು ಮೊದಲ ಅಕ್ಷರವನ್ನು ಉದ್ದ ಸ್ವರದ ಮೇಲೆ ಇಟ್ಟರೆ ಕೇಳುವವರಿಗೆ 'ಹಾರಿ ಬಂದ' ಅಂತ ಕೇಳಿಸುತ್ತದೆ. ಬಳೆ ಬಾಳೆಯಾಗುತ್ತದೆ. 'ಕಡು' ಅಂದದ್ದು 'ಕಾಡು' ಆಗುತ್ತದೆ. ಹಾಗಾಗಿ ಎಳೆಯಬೇಕಾದ ಜಾಗದಲ್ಲಿ ದೀರ್ಘ ಇರುವ ಪದ ಹುಡುಕಿ, ಅಥವಾ ಪದ ಬಿಡಲು ಮನಸ್ಸಿಲ್ಲದಿದ್ದರೆ ಸ್ವರವನ್ನು ಚಿಕ್ಕದು ಮಾಡಿ. ಎರಡರಲ್ಲಿ ಒಂದು ಬಗ್ಗಲೇಬೇಕು.

ಇನ್ನೊಂದು, ಪದ ಎಲ್ಲಿ ಒಡೆಯುತ್ತದೆ ಅನ್ನುವುದು. ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಚರಣದಲ್ಲಿ 'ಮರೆಯಲಾರೆ' ಅಂತ ಇತ್ತು. ತಾಳದ ಆವರ್ತ 'ಮರೆಯಲಾ' ಅನ್ನುವಲ್ಲಿಗೆ ಮುಗಿದು 'ರೆ' ಮಾತ್ರ ಮುಂದಿನ ಆವರ್ತಕ್ಕೆ ಹೋಗುತ್ತಿತ್ತು. ಕೇಳಿದವರಿಗೆ ನಾನು "ಮರೆಯಲಾ?" ಅಂತ ದೇವರ ಅನುಮತಿ ಕೇಳಿದ ಹಾಗಾಯಿತು. ನಾನು ಹೇಳಬೇಕಿದ್ದದ್ದಕ್ಕೆ ಪೂರ್ತಿ ಉಲ್ಟಾ. ಇಂಥದ್ದು ಬರೆದವರ ಕಿವಿಗೆ ಬೀಳುವುದಿಲ್ಲ, ಯಾಕೆಂದರೆ ಪೂರ್ತಿ ಪದ ನಮ್ಮ ಮನಸ್ಸಿನಲ್ಲಿ ಮೊದಲೇ ಇರುತ್ತದೆ.

ಪ್ರಾಸದ ವಿಷಯ ನಿಮಗೆ ಪಾಠದಲ್ಲಿ ಬಂದಿರುತ್ತದೆ. ಪಲ್ಲವಿಯ ಮೊದಲ ಪದದ ಎರಡನೇ ಅಕ್ಷರ ಏನಿದೆಯೋ ಅನುಪಲ್ಲವಿಯಲ್ಲೂ ಅದೇ ವ್ಯಂಜನ ಬರಬೇಕು, ಅದರ ಹಿಂದಿನ ಅಕ್ಷರ ದೀರ್ಘವಾಗಿದ್ದರೆ ಇಲ್ಲೂ ದೀರ್ಘ. ನಮ್ಮ ಹಳೆಗನ್ನಡ ಕವಿಗಳ ಕಟ್ಟಳೆಯೇ ಇದು. 'ಕಾಯುತಿರುವೆ' ಅಂತ ಶುರು ಮಾಡಿದ್ದರಿಂದ ನನ್ನ ಅನುಪಲ್ಲವಿ 'ಬಾಯಿ ಬಿಡದೆ ಬೆಳಗಾಗುವ ತನಕ' ಅಂತ ಆಯಿತು. ಕಾಯು, ಬಾಯಿ. ನಿಜ ಹೇಳಬೇಕೆಂದರೆ ಪ್ರಾಸ ಹುಡುಕುತ್ತಾ ಹೋದಾಗಲೇ ಆ ಸಾಲು ಸಿಕ್ಕಿದ್ದು, ಪ್ರಾಸದ ಒತ್ತಾಯ ಇಲ್ಲದಿದ್ದರೆ ನನಗೆ ಅದು ಹೊಳೆಯುತ್ತಲೇ ಇರಲಿಲ್ಲ. ಹಾಗಂತ ಪ್ರಾಸಕ್ಕಾಗಿ ಅರ್ಥವಿಲ್ಲದ ಪದ ತುರುಕಬೇಡಿ.

ಸಂಗತಿಗಳನ್ನು, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸಿ ಹಾಡುವ ಬಗೆಗಳನ್ನು, ಮೊದಲೇ ಹೆಣೆಯಲು ಹೋಗಬೇಡಿ. ಸಾದಾ ಸಾಲನ್ನೇ ಹತ್ತು ದಿನ ಹಾಡಿ. ನಾನು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ ತೊಡೆಯ ಮೇಲೆ ತಾಳ ಹಾಕಿಕೊಂಡು ಗುನುಗುತ್ತೇನೆ, ಹೆಜ್ಜೆಯ ನಡೆಗೆ ಸಾಲು ಎಲ್ಲಿ ಎಡವುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಸಂಗೀತ ಕಲಿಯದ ಯಾರಿಗಾದರೂ ಹಾಡಿ ತೋರಿಸಿ "ನಾನು ಏನು ಹೇಳಿದೆ?" ಅಂತ ಕೇಳಿ. ನಾನು ನಮ್ಮ ಮನೆಗೆ ಹೂವು ತರುವ ಅಮ್ಮನಿಗೆ ಹಾಡುತ್ತೇನೆ. 'ಮರೆಯಲಾ' ಹಿಡಿದುಕೊಟ್ಟದ್ದು ಅವರೇ.

ಪ್ರಶ್ನೆ: ಮೊದಲ ಸಲ ಹಾಡುವಾಗ ಪಕ್ಕವಾದ್ಯದವರಿಗೆ ಕೃತಿ ಹೇಗೆ ಗೊತ್ತಿರುತ್ತೆ? ಮತ್ತೆ, ಗೊತ್ತಿಲ್ಲದ ಹಾಡು ಅಂದಾಗ ಜನ ಎದ್ದು ಹೋಗಲ್ವಾ?
— ಕಛೇರಿಗಳಿಗೆ ತಪ್ಪದೆ ಹೋಗುವ ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಎದ್ದು ಹೋಗುತ್ತಾರೆ. ಹೋಗಿದ್ದಾರೆ.

ಆ ಸಹಾನದ ಕೃತಿಯನ್ನು ಮೊದಲ ಸಲ ಹಾಡಿದ್ದು ಒಂದು ಸಂಗೀತ ಸಭೆಯ ಸಂಜೆ ಕಛೇರಿಯಲ್ಲಿ. ಪಿಟೀಲು, ಮೃದಂಗದವರಿಗೆ ಸ್ವರ ಹಾಕಿದ ಹಾಳೆಯನ್ನು ನಾನು ಹಿಂದಿನ ದಿನ ಕೊಟ್ಟಿದ್ದೆ. ಅದು ನನ್ನ ತಪ್ಪು. ಅವರಿಬ್ಬರೂ ಅನುಭವಸ್ಥರು, ಹೇಗೋ ನಿಭಾಯಿಸಿದರು, ಆದರೆ ನಿಭಾಯಿಸುವುದು ಬೇರೆ, ಜೊತೆಯಲ್ಲಿ ನುಡಿಸುವುದು ಬೇರೆ. ಹೊಸದು ಅನ್ನುವ ಅಳುಕಿನಲ್ಲಿ ನಾನು ಕಾಲಪ್ರಮಾಣವನ್ನು ಜೋರಾಗಿ ಹಿಡಿದುಬಿಟ್ಟೆ. ಕಾಯುವ ಹಾಡು ಓಡುವ ಹಾಡಾಯಿತು. ಅದೂ ಅಲ್ಲದೆ ಅದನ್ನು ಪ್ರಧಾನ ಕೃತಿಗೆ ಸ್ವಲ್ಪ ಮುಂಚೆ ಇಟ್ಟಿದ್ದೆ, ಜನ ಕಾಫಿಗೆ ಏಳುವ ಹೊತ್ತು. ಎರಡನೇ ಸಂಗತಿಗೆ ಹಿಂದಿನ ಸಾಲು ಖಾಲಿಯಾಗಿದ್ದನ್ನು ನೋಡುತ್ತಲೇ ಹಾಡಿದೆ. ಮನೆಗೆ ಬಂದು ಹಾಳೆಯನ್ನು ಬೀರುವಿನಲ್ಲಿಟ್ಟೆ. ಒಂದು ವರ್ಷಕ್ಕಿಂತ ಜಾಸ್ತಿ ಅದು ಅಲ್ಲೇ ಇತ್ತು.

ಅದನ್ನು ಹೊರಗೆ ತೆಗೆದದ್ದು ನನ್ನ ಶಿಷ್ಯೆ. ರಾಮನವಮಿಯ ಚಪ್ಪರದಲ್ಲಿ ಒಂದು ಚಿಕ್ಕ ಕಛೇರಿ ಅವಳಿಗೆ ಸಿಕ್ಕಿತ್ತು. ನನ್ನನ್ನು ಕೇಳಿ ಪಾಠ ಮಾಡಿಸಿಕೊಂಡಳು. ಅವಳ ದನಿ ಮಂದ್ರದಲ್ಲಿ ಚೆನ್ನ, ಹಾಗಾಗಿ ತುಂಬ ನಿಧಾನವಾಗಿ ಶುರು ಮಾಡಿದಳು. 'ಕಾ' ಅನ್ನುವ ಅಕ್ಷರವನ್ನು ರಿಷಭದ ಮೇಲೆ ನಿಲ್ಲಿಸಿದಳು. ಸಹಾನದಲ್ಲಿ ರಿಷಭಕ್ಕೆ ಅಂಥ ನಿಲುಗಡೆ ಇದೆ, ಬರೆದ ನನಗೇ ಅದು ಹೊಳೆದಿರಲಿಲ್ಲ. ನಾನು ಕಷ್ಟಪಟ್ಟು ಹೆಣೆದಿದ್ದ ನಾಲ್ಕನೇ ಸಂಗತಿಯನ್ನು ಅವಳು ಬಿಟ್ಟೇಬಿಟ್ಟಳು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಚಾಪುತಾಳ ಹಾಕುತ್ತಾ ಕೂತಿದ್ದರು, ಚರಣ ಬರುವ ಹೊತ್ತಿಗೆ ತಾಳ ನಿಲ್ಲಿಸಿ ಕಣ್ಣು ಮುಚ್ಚಿದರು. ಮುಗಿದ ಮೇಲೆ ಬಂದು "ಯಾರದ್ದಮ್ಮ ಇದು?" ಅಂತ ಅವಳನ್ನು ಕೇಳಿದರು. ಈಗ ನಾನೂ ಅವಳು ಹಾಡಿದ ಹಾಗೇ ಹಾಡುತ್ತೇನೆ. ನಾಲ್ಕನೇ ಸಂಗತಿಯನ್ನು ಹಾಳೆಯಲ್ಲೂ ಹೊಡೆದುಹಾಕಿದೆ.

ಅದಕ್ಕೇ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ, ಇಲ್ಲೂ ಹೇಳುತ್ತೇನೆ. ಹೊಸ ಕೃತಿಗೆ ಮೊದಲ ಕಛೇರಿ ಹೇಗೋ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಸಭೆಯವರು "ಯಾರೂ ಹಾಡದೇ ಇರುವುದನ್ನು ಕೊಡಿ" ಅಂತ ಕೇಳುತ್ತಾರೆ. ಹೋದ ವರ್ಷದ್ದನ್ನೇ ಹಾಡುತ್ತೇನೆ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಹಾಡುವವರೂ ಬೇರೆಯವರ ಹೊಸ ಕೃತಿಯನ್ನು ಪಾಠ ಮಾಡಿಕೊಳ್ಳುವುದು ಕಡಿಮೆ. ನಮ್ಮಲ್ಲಿ ಹಾಳೆಯ ಮೇಲೆ ಇರುವುದು ಎಲುಬು ಮಾತ್ರ. ಗಮಕ, ಒತ್ತು, ಉಸಿರು ತೆಗೆದುಕೊಳ್ಳುವ ಜಾಗ, ಇವೆಲ್ಲ ಬಾಯಿಂದ ಬಾಯಿಗೆ ಹೋಗುವಾಗ ತುಂಬಿಕೊಳ್ಳುತ್ತವೆ. ಒಂದೇ ಸಲ ಹಾಡಿ ಬಿಟ್ಟ ಕೃತಿಗೆ ಆ ಅವಕಾಶವೇ ಸಿಗಲಿಲ್ಲ ಅಂತ ಅರ್ಥ.

ಈಗ ನಾನು ಮಾಡುವ ತಯಾರಿ ಇಷ್ಟು. ಪಕ್ಕವಾದ್ಯದವರಿಗೆ ಮೂರು ವಾರ ಮುಂಚೆ ಹಾಳೆಯ ಜೊತೆ ಮೊಬೈಲಿನಲ್ಲಿ ಹಾಡಿದ ಧ್ವನಿಯನ್ನೂ ಕಳಿಸುತ್ತೇನೆ. ಎಡುಪು ಎಲ್ಲಿ, ಅಂದರೆ ತಾಳದ ಯಾವ ಜಾಗದಲ್ಲಿ ಸಾಲು ಶುರುವಾಗುತ್ತದೆ ಅಂತ ಬಾಯಲ್ಲಿ ಹೇಳಿರುತ್ತೇನೆ. ಕೊನೇ ಪಕ್ಷ ಎರಡು ಸಲ ಒಟ್ಟಿಗೆ ಕೂರುತ್ತೇವೆ. ಹೊಸ ಕೃತಿಯನ್ನು ಕಛೇರಿಯ ಶುರುವಿಗೆ ಹಾಡುವ ವರ್ಣ ಮತ್ತು ಎಲ್ಲರಿಗೂ ಗೊತ್ತಿರುವ ಒಂದು ಕೃತಿ ಆದ ಮೇಲೆ ಇಡುತ್ತೇನೆ, ಆಗ ಜನರ ಕಿವಿ ತೆರೆದಿರುತ್ತದೆ, ದಣಿದಿರುವುದಿಲ್ಲ. ಸಾಹಿತ್ಯ ಅಚ್ಚು ಮಾಡಿದ ಒಂದು ಚೀಟಿಯನ್ನು ಬಾಗಿಲಲ್ಲೇ ಕೊಡಿಸುತ್ತೇನೆ. ಹಾಡುವ ಮುಂಚೆ ಎರಡೇ ಮಾತು ಆಡುತ್ತೇನೆ, ಭಾಷಣ ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಮಹಾರಾಜರು ದುಡ್ಡು ಕೊಟ್ಟು ಲಂಡನ್ನಿನಲ್ಲಿ ಯಾವುದೋ ದೊಡ್ಡ ಸಂಗೀತಗಾರರ ಹೊಸ ಹಾಡು ಹಾಡಿಸಿದ್ದರಂತೆ. ನಮ್ಮ ತಾತ ಹೇಳುತ್ತಿದ್ದರು. ನಿಜವಾ?
— ಓದುಗರು, ಅಗ್ರಹಾರ, ಮೈಸೂರು

ಉತ್ತರ: ನಿಜ. ನಿಮ್ಮ ತಾತ ಹೇಳಿದ್ದು ಸರಿಯಾಗಿದೆ.

ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನೂ ಆಳವಾಗಿ ಬಲ್ಲವರು, ಪಿಯಾನೊ ಕಲಿತವರು. ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತ ರಚನಕಾರರು ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಹೆಚ್ಚು ಜನ ಅವರನ್ನು ಕೇಳುತ್ತಿರಲಿಲ್ಲ. ಮಹಾರಾಜರು ಅವರ ಸಂಗೀತವನ್ನು ಧ್ವನಿಮುದ್ರಣ ಮಾಡಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ದೊಡ್ಡ ರಚನೆ) ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು, ಅಷ್ಟರಲ್ಲಿ ಅವರೇ ನುಡಿಸಿದ ಮುದ್ರಣಗಳು ಉಳಿದುಕೊಂಡವು.

ನಿಮ್ಮ ತಾತ ಹೇಳಿದ ಸಂಗತಿ ಇನ್ನೊಂದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ, 1948ರಲ್ಲಿ, ಹೆಣ್ಣು ದನಿ ಮತ್ತು ದೊಡ್ಡ ವಾದ್ಯವೃಂದಕ್ಕಾಗಿ ಹಾಡುಗಳನ್ನು ಬರೆದರು. ಈಗ ಅವುಗಳಲ್ಲಿ ನಾಲ್ಕನ್ನು ಸೇರಿಸಿ 'ನಾಲ್ಕು ಕೊನೆಯ ಹಾಡುಗಳು' ಅನ್ನುತ್ತಾರೆ. ಅವು ಹಾಡುವುದನ್ನು ಕೇಳುವ ಮುಂಚೆಯೇ, 1949ರ ಸೆಪ್ಟೆಂಬರ್‌ನಲ್ಲಿ ಸ್ಟ್ರಾಸ್ ತೀರಿಕೊಂಡರು. ಎಂಟು ತಿಂಗಳ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನ್ನು ಮೊದಲ ಸಲ ಹಾಡಿದರು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ, ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ 4,800 ಡಾಲರ್‌ಗಳ ಜವಾಬ್ದಾರಿ ಹೊತ್ತವರು ನಮ್ಮ ಮಹಾರಾಜರು. ಅಂದಿನ ಹಾಡಿಕೆಯ ಧ್ವನಿಮುದ್ರಣ ಹಡಗು ಹತ್ತಿ ಮೈಸೂರಿಗೆ ಬಂತು. ಮಹಾರಾಜರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ರೆಕಾರ್ಡುಗಳು ಇದ್ದವಂತೆ.

ಇದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಬರೆದವರೇ ಕೇಳಲಿಲ್ಲ. ಆದರೂ ಆ ಹಾಡುಗಳು ಉಳಿದದ್ದು ಒಂದು ಸಂಜೆಯ ಹಾಡಿಕೆಯಿಂದಲ್ಲ, ಆಮೇಲೆ ಬೇರೆ ಬೇರೆ ಊರಿನ, ಬೇರೆ ಬೇರೆ ದನಿಯ ಗಾಯಕಿಯರು ಎತ್ತಿಕೊಂಡು ಹಾಡುತ್ತಾ ಬಂದದ್ದರಿಂದ. ಮಹಾರಾಜರ 94 ಕೃತಿಗಳಿಗೂ ಅದೇ ಅದೃಷ್ಟ ಪೂರ್ತಿಯಾಗಿ ಬಂದಿದೆಯಾ ಅಂದರೆ, ಇಲ್ಲ. ಗಂಭೀರನಾಟದ 'ಶ್ರೀ ಜಾಲಂಧರ' ಎಲ್ಲರಿಗೂ ಗೊತ್ತು. ಇನ್ನು ನಾಲ್ಕೈದು ಕಛೇರಿಗಳಲ್ಲಿ ಬರುತ್ತವೆ. ಉಳಿದವನ್ನು ಮೈಸೂರಿನ ನಾವೇ ಹಾಡದಿದ್ದರೆ ಇನ್ಯಾರು ಹಾಡಬೇಕು?

ಪ್ರಶ್ನೆ: ಹೊಸ ರಾಗವನ್ನೇ ಕಂಡುಹಿಡಿಯಬಹುದಾ?
— ಓದುಗ, ಮಳವಳ್ಳಿ, ಮಂಡ್ಯ ಜಿಲ್ಲೆ

ಉತ್ತರ: ಲೆಕ್ಕದಲ್ಲಿ ತುಂಬ ಸುಲಭ. 72 ಮೇಳಗಳಿವೆ, ಅಂದರೆ ಏಳೂ ಸ್ವರ ಇರುವ ಮೂಲ ರಾಗಗಳು. ಒಂದು ಮೇಳದಲ್ಲಿ ಏಳು ಸ್ವರ ಇಟ್ಟುಕೊಂಡರೆ ಒಂದು ಆರೋಹಣ (ಹತ್ತುವ ಸ್ವರಸಾಲು), ಒಂದು ಸ್ವರ ಬಿಟ್ಟರೆ ಆರು ಬಗೆ, ಎರಡು ಬಿಟ್ಟರೆ ಹದಿನೈದು ಬಗೆ. ಒಟ್ಟು 22. ಇಳಿಯುವ ಅವರೋಹಣಕ್ಕೂ 22. ಗುಣಿಸಿದರೆ 484, ಅದನ್ನು 72ರಿಂದ ಗುಣಿಸಿದರೆ 34,848. ಕೆಲವು ಎರಡೆರಡು ಸಲ ಎಣಿಕೆಗೆ ಬರುತ್ತವೆ, ಆದರೂ ಸಾಲದೆ ಬರುವ ಲೆಕ್ಕವಲ್ಲ. ಬಾಲಮುರಳಿಕೃಷ್ಣ ಅವರು ನಾಲ್ಕೇ ಸ್ವರದಲ್ಲಿ ಮಹತಿ, ಲವಂಗಿ ರಾಗಗಳನ್ನು ಮಾಡಿ ತೋರಿಸಿದರು.

ಆದರೆ ಅದು ಏಣಿ ಮಾತ್ರ. ಮುತ್ತಯ್ಯ ಭಾಗವತರ ಮೋಹನಕಲ್ಯಾಣಿ ನೋಡಿ, ಹತ್ತುವಾಗ ಮೋಹನ, ಇಳಿಯುವಾಗ ಕಲ್ಯಾಣಿ. ಬರೆದರೆ ಒಂದು ಸಾಲಿನ ಯೋಚನೆ. ಅದು ರಾಗವಾಗಿ ನಿಂತದ್ದು ಅದರಲ್ಲಿ ಅವರು ಕನ್ನಡದಲ್ಲಿ ಕೊಟ್ಟ 'ಭುವನೇಶ್ವರಿಯ' ಕೃತಿಯಿಂದ, ಅದನ್ನು ಜನ ಮತ್ತೆ ಮತ್ತೆ ಹಾಡಿದ್ದರಿಂದ. ನೀವು ಹೊಸಬರಾದರೆ ಮೊದಲು ಶಂಕರಾಭರಣ, ತೋಡಿ, ಭೈರವಿಗಳಲ್ಲಿ ಕೈ ಆಡಿಸಿ. ಭೈರವಿಯಲ್ಲಿ ಹೊಸ ಮಾತು ಹೇಳುವುದು ಹೊಸ ರಾಗ ಮಾಡುವುದಕ್ಕಿಂತ ಕಷ್ಟ ಅಂತ ನನ್ನ ಅನುಭವ.

ಪ್ರಶ್ನೆ: ಕುವೆಂಪು ಅವರ ಒಂದು ಕವಿತೆಗೆ ನಾನು ರಾಗ ಹಾಕಿದ್ದೇನೆ. ಕಛೇರಿಯಲ್ಲಿ ಹಾಡಿ ಯೂಟ್ಯೂಬಿಗೂ ಹಾಕಬೇಕು ಅಂತ ಆಸೆ. ಯಾರನ್ನಾದರೂ ಕೇಳಬೇಕಾ?
— ಸಂಗೀತ ಶಿಕ್ಷಕಿ, ಮಂಡ್ಯ

ಉತ್ತರ: ಕೇಳಲೇಬೇಕು. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾನೂನಿನ ಪ್ರಕಾರ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯ ತನಕ. ಹಕ್ಕು ಯಾರ ಹತ್ತಿರ ಇದೆಯೋ ಅವರಿಗೆ ಒಂದು ಪತ್ರ ಬರೆದು, ಎಲ್ಲಿ ಹಾಡುತ್ತೀರಿ, ಎಲ್ಲಿ ಹಾಕುತ್ತೀರಿ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಿರಿ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರು ಬದುಕಿದ್ದಾಗಲೇ ಅಚ್ಚಾದ ಕವಿತೆಗಳಿಗೆ ಈ ತೊಡಕಿಲ್ಲ. ವಚನ, ದಾಸರ ಪದಗಳಿಗೂ ಇಲ್ಲ.

ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಮಾತಿನ ಹಕ್ಕು ಬೇರೆ, ಮಟ್ಟಿನ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಇನ್ನೂ ಬೇರೆ. ನೀವು ಹಾಕಿದ ಮಟ್ಟು ನಿಮ್ಮದೇ, ಅದಕ್ಕೆ ನೋಂದಣಿ ಕಡ್ಡಾಯವಲ್ಲ, ರಚಿಸಿದಾಗಲೇ ಹಕ್ಕು ಬಂದಿರುತ್ತದೆ. ಆದರೂ ಸ್ವರ ಬರೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ರಾಗ ಮಾತ್ರ ಯಾರ ಸ್ವತ್ತೂ ಅಲ್ಲ.

ಪ್ರಶ್ನೆ: ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಹಾಡುವ ಸೋಬಾನೆ ಪದದ ಧಾಟಿಯನ್ನು ಇಟ್ಟುಕೊಂಡು ಕೃತಿ ಮಾಡಿದರೆ ಶಾಸ್ತ್ರೀಯ ಅನ್ನಿಸಿಕೊಳ್ಳುತ್ತಾ?
— ಓದುಗರು, ನಾಗಮಂಗಲ, ಮಂಡ್ಯ ಜಿಲ್ಲೆ

ಉತ್ತರ: ದಯವಿಟ್ಟು ಮಾಡಿ. ನಿಮ್ಮ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು. ನಾದನಾಮಕ್ರಿಯ, ಪುನ್ನಾಗವರಾಳಿ, ಆನಂದಭೈರವಿ, ಇವೆಲ್ಲ ಜನರ ಬಾಯಲ್ಲಿದ್ದ ಧಾಟಿಗೆ ಹತ್ತಿರದ ರಾಗಗಳೇ. ನವರೋಜು, ಕುರಂಜಿ ನೋಡಿ, ಎರಡೂ ತಾರಷಡ್ಜ (ಮೇಲಿನ 'ಸ') ಮುಟ್ಟುವುದೇ ಇಲ್ಲ. ಸೋಬಾನೆ ಪದವೂ ಹಾಗೇ, ನಾಲ್ಕೈದು ಸ್ವರದೊಳಗೇ ಸುತ್ತುತ್ತದೆ, ಯಾಕೆಂದರೆ ಅದು ಹತ್ತು ಜನ ಹೆಂಗಸರು ಕೆಲಸ ಮಾಡುತ್ತಲೇ ಒಟ್ಟಿಗೆ ಹಾಡುವ ಹಾಡು. ನೀವು ಕೃತಿ ಮಾಡುವಾಗ ತಾರಸ್ಥಾಯಿಗೆ ಎಳೆದು ಅದರ ಜೀವ ತೆಗೆಯಬೇಡಿ. ಆ ಅಳತೆಯೊಳಗೇ ಇರಲಿ. ಒಬ್ಬರು ಹೇಳಿಕೊಟ್ಟು ಉಳಿದವರು ಸೊಲ್ಲು ಹಿಡಿಯುತ್ತಾರಲ್ಲ, ಆ ಸೊಲ್ಲನ್ನು ಪಲ್ಲವಿ ಮಾಡಬಹುದು.

ಯಾವ ಅಮ್ಮನ ಬಾಯಿಂದ ಕಲಿತಿರೋ ಅವರ ಹೆಸರನ್ನು ಹಾಳೆಯ ಮೇಲೆ ಮೊದಲು ಬರೆಯಿರಿ, ಕಛೇರಿಯಲ್ಲೂ ಹೇಳಿ. ಮೊದಲ ಸಲ ಹಾಡುವಾಗ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.

ಪ್ರಶ್ನೆ: ನಮ್ಮ ಮಗಳಿಗೆ 14 ವರ್ಷ. ಪಿಯಾನೊ ಕಲಿಯುತ್ತಿದ್ದಾಳೆ, ತಾನೇ ಏನೇನೋ ಬರೆಯುತ್ತಾಳೆ. ಅದು ಇಂಗ್ಲಿಷ್ ಸಂಗೀತವೂ ಅಲ್ಲ, ನಮ್ಮದೂ ಅಲ್ಲ ಅಂತ ಮನೆಯವರು ರೇಗುತ್ತಾರೆ.
— ತಾಯಿ, ವಿಜಯನಗರ, ಮೈಸೂರು

ಉತ್ತರ: ರೇಗಬೇಡಿ ಅಂತ ಮನೆಯವರಿಗೆ ನನ್ನ ಕಡೆಯಿಂದ ಹೇಳಿ. ಮುತ್ತುಸ್ವಾಮಿ ದೀಕ್ಷಿತರೇ ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೋಟುಸ್ವರಗಳನ್ನು ಕೊಟ್ಟಿದ್ದಾರೆ. ದಸರಾ ಹೊತ್ತಿಗೆ ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನ ಕರ್ನಾಟಕ ವಾದ್ಯವೃಂದ, ಆಂಗ್ಲ ವಾದ್ಯವೃಂದ ಎರಡೂ ನುಡಿಸುತ್ತವೆ, ಮಗಳನ್ನು ತಪ್ಪದೆ ಕರೆದುಕೊಂಡು ಹೋಗಿ. ಅವಳು ಬರೆದದ್ದನ್ನು ಅವಳೇ ನುಡಿಸುವುದು ಸಾಲದು. ಜೊತೆಯಲ್ಲಿ ಕಲಿಯುವ ಇನ್ನೊಂದು ಮಗುವಿನ ಕೈಯಲ್ಲಿ ಹಾಳೆ ಕೊಟ್ಟು ನುಡಿಸಲು ಹೇಳಲಿ, ಅವಳು ಸುಮ್ನೆ ಕೂತು ಕೇಳಲಿ. ಏನು ಬರೆಯಲು ಮರೆತಿದ್ದಾಳೆ ಅಂತ ಆಗ ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ನನಗೆ 66 ವರ್ಷ. ದೊಡ್ಡ ವಿದ್ವಾಂಸಳಲ್ಲ. ರಂಗನಾಥನ ಮೇಲೆ ಮೂರು ದೇವರನಾಮ ಬರೆದು ನಾನೇ ರಾಗ ಹಾಕಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಟ್ರಂಕಿನಲ್ಲಿದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ಅನ್ನಿಸುತ್ತೆ.
— ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ಅಮ್ಮಾ, ಮದರಾಸಿನ ಕಲಾಕ್ಷೇತ್ರ ಅನ್ನುವ ನೃತ್ಯ ಸಂಸ್ಥೆಯವರು ರಾಮಾಯಣವನ್ನು ನೃತ್ಯನಾಟಕ ಮಾಡಲು ಹೊರಟಾಗ ಸಂಗೀತಕ್ಕೆ ಕರೆದದ್ದು ನಮ್ಮ ವಾಸುದೇವಾಚಾರ್ಯರನ್ನು. ಮೊದಲ ಭಾಗ ಸೀತಾಸ್ವಯಂವರ ರಂಗಕ್ಕೆ ಬಂದದ್ದು 1955ರಲ್ಲಿ. ಆಗ ಅವರಿಗೆ 90 ವರ್ಷ. ಆಮೇಲೂ ಮುಂದಿನ ಭಾಗಗಳಿಗೆ ಸಂಗೀತ ಮಾಡುತ್ತಲೇ ಇದ್ದರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದದ್ದನ್ನು ಅವರ ಮೊಮ್ಮಗ ರಾಜಾರಾಮ್ ಪೂರ್ತಿ ಮಾಡಿದರು. ನೀವು ಇನ್ನೂ 66.

ಪತ್ರದ ಜೊತೆ ನೀವು ಕಳಿಸಿದ ಮೊದಲ ದೇವರನಾಮವನ್ನು ನಾನು ಹಾಡಿಕೊಂಡು ನೋಡಿದೆ. ಮಧ್ಯಮಾವತಿ ಅದಕ್ಕೆ ಸರಿಯಾಗಿ ಹೊಂದಿದೆ. ಎರಡನೇ ನುಡಿಯಲ್ಲಿ 'ಕಾವೇರಿಯ ತೋಳೊಳಗೆ ಮಲಗಿದವನೆ' ಅಂತ ಬರೆದಿದ್ದೀರಲ್ಲ, ನದಿ ಎರಡು ಕವಲಾಗಿ ಊರನ್ನು ಸುತ್ತುವುದನ್ನು ದಿನಾ ನೋಡುವವರಿಗೇ ಆ ಮಾತು ಬರಲು ಸಾಧ್ಯ. ಒಂದೇ ಒಂದು ಕಡೆ 'ಮಲಗಿದವನೆ' ಅನ್ನುವುದು ತಾಳಕ್ಕೆ ಉದ್ದವಾಗುತ್ತದೆ. 'ಪವಡಿಸಿದೆ' ಅಂದು ನೋಡಿ. ನಿಮಗೆ ಒಪ್ಪಿಗೆಯಾಗದಿದ್ದರೆ ಮೊದಲಿನದ್ದೇ ಇರಲಿ.

ಟ್ರಂಕಿನಿಂದ ತೆಗೆಯಿರಿ. ಗೌರಿಹಬ್ಬಕ್ಕೆ ಬಾಗಿನ ಕೊಡಲು ಬಂದವರಲ್ಲಿ ಹಾಡಲು ಬರುವ ಒಬ್ಬರ ಕೈಲಿ ಹಾಡಿಸಿ. ದಸರಾದಲ್ಲಿ ಗೊಂಬೆ ಕೂರಿಸಿದಾಗ ಇನ್ನೊಬ್ಬರ ಕೈಲಿ ಅದನ್ನೇ ಮತ್ತೆ ಹಾಡಿಸಿ. ಆ ಎರಡನೇ ದಿನಕ್ಕೆ ನನ್ನನ್ನೂ ಕರೆಯಿರಿ, ಬರುತ್ತೇನೆ.